ಕಾರಿಲ್ಲದೆ, ಕೂಸು ಮತ್ತು ನಾಯಿಯ ಜೊತೆ ಎರಡು ದಿನ: ಬೆಂಗಳೂರಿನಿಂದ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲು ಏನನ್ನು ತೀರ್ಮಾನಿಸಬೇಕು? ಊರೋ, ರೂಮೋ, ಬಸ್ಸೋ?

ನಾಯಿ ಯಾವುದರಲ್ಲಿ ಹೋಗುತ್ತದೆ ಅನ್ನುವುದನ್ನು. ಕೂಸನ್ನು ಹತ್ತಿಸಿಕೊಳ್ಳಲ್ಲ ಎನ್ನುವ ಬಸ್ಸೂ ಇಲ್ಲ, ರೈಲೂ ಇಲ್ಲ. ನಾಯಿಗೆ ಮಾತ್ರ ನಮ್ಮ ಮೆಟ್ರೊ ಇಲ್ಲ, ಐರಾವತ ಇಲ್ಲ, ರಾಜಹಂಸ ಇಲ್ಲ, ಶತಾಬ್ದಿ ಇಲ್ಲ, ವಂದೇ ಭಾರತ್ ಇಲ್ಲ. ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದು ಎರಡೇ ದಾರಿ: ಕೆಎಸ್‌ಆರ್‌ಟಿಸಿಯ ಸಾಮಾನ್ಯ ಕೆಂಪು ಬಸ್ಸು, ಇಲ್ಲವೇ ರೈಲಿನ ಫಸ್ಟ್ ಎಸಿ. ಈ ಎರಡರಲ್ಲಿ ಒಂದು ಸಲೀಸಾಗಿ ಮುಟ್ಟುವ ಊರನ್ನು ಆರಿಸಿ. ಆಮೇಲೆ ಆ ಊರಿನಲ್ಲಿ ಕೂಸಿಗೆ ಹೊಂದುವ ಮನೆ ಹುಡುಕಿ. ಹೆಚ್ಚಿನವರು ಮಾಡುವುದು ಇದರ ತಿರುವುಮುರುವು. ಚಂದದ ಹೋಂಸ್ಟೇ ನೋಡಿ ಮುಂಗಡ ಕಟ್ಟುತ್ತಾರೆ, ಶುಕ್ರವಾರ ರಾತ್ರಿ ಕೂತು ‘ನಾಯಿಯನ್ನು ಹೇಗೆ ಕರ್ಕೊಂಡು ಹೋಗೋದು’ ಅಂತ ಯೋಚಿಸುತ್ತಾರೆ.

ಎಷ್ಟು ದೂರದವರೆಗೆ ಹೋಗಬಹುದು?

ಮೊದಲ ಸಲ ಬಸ್ಸಿನೊಳಗಿನ ಸಮಯ ಮೂರು ಗಂಟೆ ದಾಟದಿರಲಿ. ನಿಜವಾದ ಲೆಕ್ಕ ಅದಕ್ಕಿಂತ ದೊಡ್ಡದು. ಮನೆಯಿಂದ ಬಸ್ ನಿಲ್ದಾಣಕ್ಕೆ 45 ನಿಮಿಷ, ಅಲ್ಲಿ ಕಾಯುವುದು ಅರ್ಧ ಗಂಟೆ, ಬಸ್ಸು ಮೂರು ಗಂಟೆ, ಇಳಿದ ಮೇಲೆ ಆಟೊ 20 ನಿಮಿಷ: ನಾಲ್ಕೂವರೆ ಗಂಟೆ ಆಗಿಯೇ ಹೋಯಿತು. ಎದೆಹಾಲು ಕುಡಿಯುವ ಕೂಸಿಗೆ ಎರಡು–ಮೂರು ಗಂಟೆಗೊಮ್ಮೆ ಹಾಲು ಬೇಕು, ಅಂದರೆ ದಾರಿಯಲ್ಲಿ ಎರಡು ಸಲ. ಬೆಳೆದ ನಾಯಿ ಆರು ಗಂಟೆ ಮೂತ್ರ ತಡೆದುಕೊಂಡೀತು. ಮರಿಗಳಿಗೆ ಒಂದು ಅಂದಾಜು ಇದೆ: ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿದಷ್ಟು ಗಂಟೆ. ಮೂರು ತಿಂಗಳ ಮರಿಗೆ ನಾಲ್ಕು ಗಂಟೆಯೇ ಮಿತಿ. ಆದ್ದರಿಂದ ಅದು ಈ ಪ್ರಯಾಣಕ್ಕೆ ಇನ್ನೂ ಚಿಕ್ಕದು.

ಮೈಸೂರು, ಶ್ರೀರಂಗಪಟ್ಟಣ, ಮಂಡ್ಯದ ಸುತ್ತಮುತ್ತ ಈ ಮಿತಿಯೊಳಗೆ ಬರುತ್ತವೆ. ಸಕಲೇಶಪುರ, ಚಿಕ್ಕಮಗಳೂರು, ಮಡಿಕೇರಿ ಬರುವುದಿಲ್ಲ. ಅವು ಎರಡನೆಯ ಸಲಕ್ಕೆ, ಅದೂ ಮೂರು ದಿನದ ರಜೆ ಸಿಕ್ಕಾಗ.

ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ನಾಯಿಯನ್ನು ನಿಜವಾಗಿಯೂ ಬಿಡ್ತಾರಾ? ಟಿಕೆಟ್ ಎಷ್ಟು?

ಬಿಡುತ್ತಾರೆ. 2022ರಲ್ಲಿ ನಿಗಮ ಲಗೇಜು ನಿಯಮ ತಿದ್ದಿತು. ಅಲ್ಲಿಯವರೆಗೆ ನಾಯಿಗೆ ದೊಡ್ಡವರ ಪೂರ್ತಿ ಟಿಕೆಟ್ ಕೊಡಬೇಕಿತ್ತು. ಈಗ ಮಕ್ಕಳ ಹಾಗೆ ಅರ್ಧ ಟಿಕೆಟ್. ಸಾಮಾನ್ಯ, ವೇಗದೂತ, ನಗರ ಮತ್ತು ಉಪನಗರ ಬಸ್ಸುಗಳಲ್ಲಿ ಮಾತ್ರ ಇದಕ್ಕೆ ಅವಕಾಶ. ರಾಜಹಂಸ, ಸ್ಲೀಪರ್, ಎಸಿ ಬಸ್ಸು ಯಾವುದರಲ್ಲೂ ಇಲ್ಲ. ನಾಯಿ ಸೀಟು ಹರಿದರೆ, ಯಾರಿಗಾದರೂ ತೊಂದರೆ ಮಾಡಿದರೆ ಹೊಣೆ ಮಾಲೀಕರದ್ದು.

ಕೂಸಿಗೆ ಟಿಕೆಟ್ ಇಲ್ಲ. ಕರ್ನಾಟಕದ ಹೆಣ್ಣುಮಕ್ಕಳಿಗೆ ಇದೇ ಕೆಂಪು ಬಸ್ಸುಗಳಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಇದೆ. ಒಟ್ಟು ಲೆಕ್ಕ ಹಾಕಿದರೆ ಅಮ್ಮ ಪುಕ್ಕಟೆ, ಕೂಸು ಪುಕ್ಕಟೆ, ಅಪ್ಪನಿಗೆ ಒಂದು, ನಾಯಿಗೆ ಅರ್ಧ. ನಾಯಿಯ ಟಿಕೆಟನ್ನು ಕೇಳಿ ಪಡೆಯಿರಿ, ಇಳಿಯುವವರೆಗೆ ಇಟ್ಟುಕೊಳ್ಳಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ–ಮೊಮ್ಮಗಳು ಶಕ್ತಿಯಲ್ಲಿ ಉಚಿತವಾಗಿ ಹೋದರು, ಅವರ ಪಂಜರದಲ್ಲಿದ್ದ ನಾಲ್ಕು ಹಕ್ಕಿಗೆ ತಲಾ 111 ರೂಪಾಯಿಯಂತೆ 444 ರೂಪಾಯಿ ಟಿಕೆಟ್ ಹರಿಯಲಾಯಿತು. ಆ ಟಿಕೆಟಿನ ಚಿತ್ರ ಊರೆಲ್ಲ ಸುತ್ತಿತು. ನಕ್ಕವರೇ ಹೆಚ್ಚು, ಆದರೆ ನಿಯಮ ಇರುವುದು ಹಾಗೆಯೇ.

ಕಂಡಕ್ಟರ್ ಬೇಡ ಅಂದರೆ?

ವಾದಕ್ಕಿಳಿಯಬೇಡಿ. ತುಂಬಿದ ಬಸ್ಸಿನಲ್ಲಿ ಬೇಡ ಅನ್ನುವುದಕ್ಕೆ ಅವರಿಗೆ ಕಾರಣ ಇರುತ್ತದೆ, ನಿಮ್ಮ ಕೈಯಲ್ಲಿ ಕೂಸೂ ಇರುತ್ತದೆ. ಮೈಸೂರು ಕಡೆಗೆ ಸ್ಯಾಟಲೈಟ್ ನಿಲ್ದಾಣದಿಂದ ಬಸ್ಸುಗಳು ಬೆನ್ನುಬೆನ್ನಿಗೆ ಹೊರಡುತ್ತವೆ. ಮುಂದಿನದಕ್ಕೆ ಕಾಯಿರಿ. ಕೇಳುವ ರೀತಿಯಲ್ಲೂ ವ್ಯತ್ಯಾಸ ಇದೆ. ನಾಯಿಯನ್ನು ಎಳೆದುಕೊಂಡು ನೇರ ಮೆಟ್ಟಿಲು ಹತ್ತುವ ಬದಲು ಒಬ್ಬರು ನಾಯಿಯ ಜೊತೆ ಕೆಳಗೇ ನಿಂತು, ಇನ್ನೊಬ್ಬರು ಹೋಗಿ ‘ಸಾರ್, ಒಂದು ನಾಯಿ ಇದೆ, ಬಾಯಿಗೆ ಕಟ್ಟಿದೀವಿ, ಅರ್ಧ ಟಿಕೆಟ್ ತಗೋತೀವಿ, ಹಿಂದುಗಡೆ ಕೂರ್ತೀವಿ’ ಅಂದರೆ ಮುಕ್ಕಾಲು ಕೆಲಸ ಆದಂತೆ.

30 ಕಿಲೊ ತೂಕದ ಲ್ಯಾಬ್ರಡಾರ್ ಇದ್ದರೆ ಒಂದು ಮಾತು: ನಿಯಮ ಬಿಟ್ಟರೂ ಜಾಗ ಬಿಡುವುದಿಲ್ಲ. ಎರಡು ಸೀಟಿನ ನಡುವಿನ ಕಾಲಿಡುವ ಜಾಗದಲ್ಲಿ ಹಿಡಿಯುವುದು ಹೆಚ್ಚೆಂದರೆ 12–15 ಕಿಲೊ ನಾಯಿ. ದೊಡ್ಡ ನಾಯಿ ನಡುದಾರಿಯಲ್ಲಿ ಮಲಗುತ್ತದೆ, ಯಾರೋ ಬಾಲ ತುಳಿಯುತ್ತಾರೆ, ಆಮೇಲೆ ಆಗುವುದು ಆಗುತ್ತದೆ. ದೊಡ್ಡ ನಾಯಿಗೆ ರೈಲಿನ ಕೂಪೆ, ಇಲ್ಲವೇ ಮನೆಯಲ್ಲೇ ನೋಡಿಕೊಳ್ಳುವವರು.

ಯಾವ ಬಸ್ಸು, ಯಾವ ಹೊತ್ತು, ಯಾವ ಸೀಟು?

ಶನಿವಾರ ಬೆಳಗ್ಗೆ 6 ಗಂಟೆಯೊಳಗೆ ಹೊರಡುವ ಬಸ್ಸು. ಶುಕ್ರವಾರ ಸಂಜೆ, ಭಾನುವಾರ ಸಂಜೆ ಬೇಡವೇ ಬೇಡ: ನಿಲ್ಲಲೂ ಜಾಗ ಇರುವುದಿಲ್ಲ. ವಾಪಸ್ ಬರುವುದು ಭಾನುವಾರ ಊಟಕ್ಕೆ ಮುಂಚೆ ಇಲ್ಲವೇ ಸೋಮವಾರ ಬೆಳಗ್ಗೆ.

ಸೀಟು ಬಸ್ಸಿನ ನಡುಭಾಗದಲ್ಲಿ, ಎರಡು ಚಕ್ರಗಳ ಮಧ್ಯೆ ಇರಲಿ. ಹಿಂದಿನ ಚಕ್ರದಾಚೆಯ ಸೀಟು ರಸ್ತೆಯ ಪ್ರತಿ ಉಬ್ಬಿಗೂ ಎತ್ತಿ ಹಾಕುತ್ತದೆ. ಕೂಸಿನ ಕುತ್ತಿಗೆಗೆ ಅದು ಒಳ್ಳೆಯದಲ್ಲ, ನಾಯಿಗೆ ವಾಂತಿ ಗ್ಯಾರಂಟಿ. ಚಕ್ರದ ಮೇಲಿನ ಸೀಟೂ ಬೇಡ, ಅಲ್ಲಿ ಕಾಲಿಡುವ ಜಾಗ ಉಬ್ಬಿರುವುದರಿಂದ ನಾಯಿ ಕೂರಲಾಗದು. (ಕಂಡಕ್ಟರಿಗೆ ಹಿಂದೆ ಕೂರ್ತೀವಿ ಅಂದಿದ್ದರೂ ಖಾಲಿ ಬಸ್ಸಿನಲ್ಲಿ ನಡುವೆ ಕೂರಲು ಯಾರೂ ಅಡ್ಡಿ ಮಾಡುವುದಿಲ್ಲ.) ಮೂರು ಸೀಟಿನ ಬದಿ ಸಿಕ್ಕರೆ ಕೂರುವ ಕ್ರಮ ಹೀಗೆ: ಕಿಟಕಿಯ ಬಳಿ ನಾಯಿ ಹಿಡಿದವರು, ನಾಯಿ ಅವರ ಕಾಲ ಕೆಳಗೆ ಗೋಡೆಗೆ ಒತ್ತಿಕೊಂಡು, ಪಕ್ಕದಲ್ಲಿ ಕೂಸು ಹಿಡಿದವರು. ನಾಯಿ ನಡುದಾರಿಯ ಕಡೆ ಇರಲೇಬಾರದು.

ನೆಲಕ್ಕೆ ಹಳೆಯ ಬೆಡ್‌ಶೀಟಿನ ತುಂಡು ಹಾಸಿ. ಬಸ್ಸಿನ ನೆಲದ ತಗಡು ನುಣುಪು, ಬ್ರೇಕ್ ಹಾಕಿದಾಗಲೆಲ್ಲ ನಾಯಿ ಜಾರಿ ಗಾಬರಿಯಾಗುತ್ತದೆ. ಮನೆಯ ವಾಸನೆ ಇರುವ ಬಟ್ಟೆಯಾದರೆ ಹತ್ತು ನಿಮಿಷದಲ್ಲಿ ಮಲಗುತ್ತದೆ. ಒಗೆದ ಬಟ್ಟೆ ಬೇಡ.

ಎಕ್ಸ್‌ಪ್ರೆಸ್‌ವೇ ಬಸ್ಸೋ, ಊರೊಳಗೆ ಹೋಗುವ ಬಸ್ಸೋ?

2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್ ಮಾಡಿಕೊಂಡಿದೆ. ತಡೆರಹಿತ ಬಸ್ಸು ಬೇಗ ಮುಟ್ಟುತ್ತದೆ, ನಡುವೆ ನಾಯಿ ಇಳಿಸಲು ಜಾಗವಿಲ್ಲ. ಊರೊಳಗೆ ಹೋಗುವ ಬಸ್ಸು ನಿಧಾನ, ಆದರೆ ಮಂಡ್ಯದಲ್ಲಿ ಹತ್ತು ನಿಮಿಷ ಸಿಕ್ಕೀತು. ಕೂಸು ಆರು ತಿಂಗಳೊಳಗಿನದಾದರೆ, ನಾಯಿ ಮರಿಯಲ್ಲದೆ ಬೆಳೆದದ್ದಾಗಿದ್ದರೆ ತಡೆರಹಿತವೇ ವಾಸಿ. ಶ್ರೀರಂಗಪಟ್ಟಣಕ್ಕೆ ಹೋಗುವವರು ಹತ್ತುವ ಮುಂಚೆ ಇದೊಂದು ಕೇಳಲೇಬೇಕು: ‘ಶ್ರೀರಂಗಪಟ್ಟಣ ಒಳಗೆ ಹೋಗತ್ತಾ, ಬೈಪಾಸಾ?’ ಕೇಳದಿದ್ದರೆ ಬೈಪಾಸಿನ ಬದಿಯಲ್ಲಿ ಇಳಿಯಬೇಕಾಗುತ್ತದೆ. ಆ ಹೆದ್ದಾರಿಯ ಮುಖ್ಯ ಪಥಕ್ಕೆ ಆಟೊ ಬರುವಂತಿಲ್ಲ. ಕೂಸು, ನಾಯಿ, ಎರಡು ಚೀಲ ಹೊತ್ತು ಸರ್ವಿಸ್ ರಸ್ತೆ ಹುಡುಕಿಕೊಂಡು ನಡೆಯುವುದು ಬಿಸಿಲಲ್ಲಿ ಮಾಡುವ ಕೆಲಸವಲ್ಲ.

ರೈಲಿನಲ್ಲಿ ಕರೆದುಕೊಂಡು ಹೋಗಬಹುದಾ?

ಫಸ್ಟ್ ಎಸಿಯ ಕೂಪೆ ಅಥವಾ ಕ್ಯಾಬಿನ್‌ನಲ್ಲಿ ನಿಮ್ಮ ಜೊತೆಗೇ. ಕೂಪೆ ಎಂದರೆ ಎರಡು ಬರ್ತ್, ಬಾಗಿಲು ಹಾಕಿಕೊಳ್ಳುವ ಕೋಣೆ. ಕ್ಯಾಬಿನ್ ನಾಲ್ಕು ಬರ್ತ್. ಸೆಕೆಂಡ್ ಎಸಿ, ಥರ್ಡ್ ಎಸಿ, ಚೇರ್ ಕಾರ್, ಸ್ಲೀಪರ್, ಜನರಲ್ ಯಾವುದರಲ್ಲೂ ನಾಯಿಗೆ ಜಾಗವಿಲ್ಲ. ಬುಟ್ಟಿಯಲ್ಲಿ ಹಿಡಿಸುವ ಸಣ್ಣ ಮರಿಯನ್ನು ಮಾತ್ರ ಶುಲ್ಕ ಕಟ್ಟಿ ಬೇರೆ ದರ್ಜೆಗಳಲ್ಲೂ ಒಯ್ಯಬಹುದು.

ಟಿಕೆಟ್ ಹುಡುಕುವಾಗ ದರ್ಜೆಯ ಸಾಲಿನಲ್ಲಿ ‘1ಎ’ ಇದೆಯೇ ನೋಡಿ. ಮೈಸೂರಿಗೆ ಹಗಲು ಓಡುವ ಹೆಚ್ಚಿನ ರೈಲುಗಳಲ್ಲಿ ಅದು ಇಲ್ಲ. ಹೀಗಾಗಿ ರೈಲು ಅಂದರೆ ವಾಸ್ತವದಲ್ಲಿ ಹುಬ್ಬಳ್ಳಿ–ಬೆಳಗಾವಿ ಕಡೆಯ ರಾತ್ರಿ ರೈಲು. ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಬೇಡವೆಂದರೆ ಟಿಕೆಟ್ಟೇ ಬೇಡ. ಗಂಡ, ಹೆಂಡತಿ, ಕೂಸು, ನಾಯಿ ನಾಲ್ವರಿಗೂ ಒಂದು ಕೂಪೆ ಸಾಕು.

ಕೂಪೆ ಸಿಗುವಂತೆ ಮಾಡುವುದು ಹೇಗೆ?

ಇಲ್ಲಿಯೇ ಜನ ಎಡವುವುದು. ಫಸ್ಟ್ ಎಸಿ ಟಿಕೆಟ್ ಕನ್ಫರ್ಮ್ ಆದರೂ ಬರ್ತ್ ಸಂಖ್ಯೆ ಗೊತ್ತಾಗುವುದು ಚಾರ್ಟ್ (ಬರ್ತ್ ಹಂಚಿಕೆಯ ಅಂತಿಮ ಪಟ್ಟಿ) ಆದ ಮೇಲೆ. ಇಬ್ಬರ ಟಿಕೆಟಿಗೆ ಕೂಪೆಯೇ ಬರಬೇಕು ಅಂತೇನಿಲ್ಲ, ನಾಲ್ಕರ ಕ್ಯಾಬಿನ್‌ನಲ್ಲಿ ಬೇರೆ ಇಬ್ಬರ ಜೊತೆ ಹಾಕಿಬಿಡಬಹುದು. ಆಗ ಆ ಇಬ್ಬರೂ ಒಪ್ಪಬೇಕು. ಒಪ್ಪಿದವರು ಪ್ರಯಾಣದ ಮಧ್ಯೆ ಬೇಡ ಅಂದರೂ ನಾಯಿ ರೈಲಿನ ತುದಿಯ ಗಾರ್ಡ್ ವ್ಯಾನಿಗೆ ಹೋಗಬೇಕಾಗುತ್ತದೆ, ಹಣ ವಾಪಸಿಲ್ಲ.

ಮಾಡಬೇಕಾದ್ದು ಇಷ್ಟು. ಇಬ್ಬರದೂ ಒಂದೇ ಪಿಎನ್‌ಆರ್‌ನಲ್ಲಿರಲಿ. ಒಂದು ಪಿಎನ್‌ಆರ್‌ಗೆ ಒಂದೇ ನಾಯಿ. ಹೊರಡುವುದಕ್ಕೆ ಒಂದೆರಡು ದಿನ ಮುಂಚೆ ರೈಲ್ವೆಯ ವಾಣಿಜ್ಯ ವಿಭಾಗಕ್ಕೆ ಕೂಪೆ ಕೋರಿ ಅರ್ಜಿ ಕೊಡಿ. ಪಿಎನ್‌ಆರ್, ರೈಲಿನ ಸಂಖ್ಯೆ, ತಾರೀಖು, ನಾಯಿಯ ತಳಿ–ತೂಕ, ‘ಜೊತೆಯಲ್ಲಿ ಇಷ್ಟು ತಿಂಗಳ ಕೂಸಿದೆ’ ಅನ್ನುವ ಒಂದು ಸಾಲು ಅದರಲ್ಲಿರಲಿ. ಚಾರ್ಟ್ ಆದ ಕೂಡಲೇ ನೋಡಿ. ಕೂಪೆ ಬಂದಿದ್ದರೆ ರೈಲು ಹೊರಡುವ ಎರಡು–ಮೂರು ಗಂಟೆ ಮುಂಚೆ ನಾಯಿಯನ್ನೂ ಕರೆದುಕೊಂಡು ಪಾರ್ಸೆಲ್ ಕಚೇರಿಗೆ ಹೋಗಿ. ಟಿಕೆಟಿನ ಪ್ರತಿ, ಗುರುತಿನ ಚೀಟಿ, ರೇಬೀಸ್ ಲಸಿಕೆಯ ಪುಸ್ತಕ, ಹೊರಡುವ 24–48 ಗಂಟೆಯೊಳಗೆ ಪಶುವೈದ್ಯರು ಬರೆದುಕೊಟ್ಟ ಫಿಟ್ನೆಸ್ ಪತ್ರ, ಎಲ್ಲದಕ್ಕೂ ಎರಡೆರಡು ಜೆರಾಕ್ಸ್. ಅಲ್ಲಿ ತೂಕ, ದೂರ ನೋಡಿ ಶುಲ್ಕ ಹಾಕಿ ರಸೀದಿ ಕೊಡುತ್ತಾರೆ. ಟಿಟಿಇ ಕೇಳುವುದು ಆ ರಸೀದಿಯನ್ನೇ. ಇಲ್ಲದೆ ಸಿಕ್ಕಿಬಿದ್ದರೆ ಆರು ಪಟ್ಟು ದಂಡ.

ಪೂರ್ತಿ ಫಸ್ಟ್ ಎಸಿ ಬೋಗಿಯಾದರೆ 24 ಬರ್ತಿನಲ್ಲಿ ಎರಡು ಕೂಪೆ ಇರುತ್ತವೆ. ಅರ್ಧ ಫಸ್ಟ್, ಅರ್ಧ ಸೆಕೆಂಡ್ ಎಸಿಯ ಬೋಗಿಯಲ್ಲಿ ಕೂಪೆ ಸಾಮಾನ್ಯವಾಗಿ ಒಂದೇ. ಅದು ಯಾರಿಗೆ ಹೋಗುತ್ತದೋ ಹೇಳಲಾಗದು. ಖಚಿತವೇ ಬೇಕೆಂದರೆ ಇನ್ನೊಂದು ಜೋಡಿಯನ್ನು ಕಟ್ಟಿಕೊಂಡು ನಾಲ್ಕು ಟಿಕೆಟ್ ಒಟ್ಟಿಗೆ ಮಾಡಿಸಿ ಕ್ಯಾಬಿನ್ನನ್ನೇ ತುಂಬಿಸುವುದು.

ಗಾರ್ಡ್ ವ್ಯಾನಿನ ನಾಯಿ ಪೆಟ್ಟಿಗೆ ಹೇಗೆ?

ಬೇಡ. ಕಬ್ಬಿಣದ ಗೂಡು, ಫ್ಯಾನಿಲ್ಲ, ಕೆಲವು ರೈಲುಗಳಲ್ಲಿ ಪಕ್ಕದಲ್ಲೇ ಜನರೇಟರಿನ ಸದ್ದು. ನೀರು ಕೊಡಬೇಕೆಂದರೆ ಎರಡು ನಿಮಿಷ ನಿಲ್ಲುವ ನಿಲ್ದಾಣದಲ್ಲಿ ರೈಲಿನ ತುದಿಯವರೆಗೆ ಓಡಬೇಕು, ಕೂಸನ್ನು ಬಿಟ್ಟು. ಪಗ್, ಶಿಟ್ಜು ಥರದ ಚಪ್ಪಟೆ ಮೂತಿಯ ನಾಯಿಗಳು ಏಪ್ರಿಲ್–ಮೇ ಬಿಸಿಲಲ್ಲಿ ಅದರೊಳಗೆ ಸಾಯಬಹುದು.

ಮನೆಯಿಂದ ನಿಲ್ದಾಣದವರೆಗೆ?

ಆಟೊ. ಆ್ಯಪಿನಲ್ಲಿ ಬುಕ್ ಮಾಡಿದ ತಕ್ಷಣ ಚಾಲಕರಿಗೆ ಫೋನ್ ಮಾಡಿ ‘ನಾಯಿ ಇದೆ, ಬಟ್ಟೆ ಹಾಸ್ತೀವಿ, ಮೇಲೆ ಐವತ್ತು ಕೊಡ್ತೀವಿ’ ಅನ್ನಿ. ಇಬ್ಬರು ಬೇಡ ಅಂದರೆ ಮೂರನೆಯವರು ಬರುತ್ತಾರೆ. ಅದಕ್ಕೆ 15 ನಿಮಿಷ ಜಾಸ್ತಿ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ 2024ರಿಂದ ಊಬರ್ ಪೆಟ್ ಕೂಡ ಇದೆ. ಮುಂಜಾನೆ ಐದಕ್ಕೆ ಬೇಕಿದ್ದರೆ ಹಿಂದಿನ ರಾತ್ರಿಯೇ ಕಾಯ್ದಿರಿಸಿ. ಆಟೊದಲ್ಲಿ ಕೂಸು ಎದೆಗೆ ಕಟ್ಟಿದ ಚೀಲದಲ್ಲೇ ಇರಲಿ, ಮಡಿಲಲ್ಲಿ ಸಡಿಲವಾಗಿ ಬೇಡ.

ಸ್ಟ್ರೋಲರ್ ತರಬೇಕಾ?

ಬೇಡ. ಫುಟ್‌ಪಾತಿನ ಕಲ್ಲು, ಬಸ್ಸಿನ ಮೆಟ್ಟಿಲು, ಹೋಂಸ್ಟೇಯ ಜಲ್ಲಿ ಅಂಗಳ ಮೂರರಲ್ಲೂ ಅದನ್ನು ನೀವೇ ಹೊರಬೇಕು.

ಯಾರು ಯಾರನ್ನು ಹಿಡಿಯಬೇಕು?

ಒಬ್ಬರು ಕೂಸು, ಒಬ್ಬರು ನಾಯಿ. ಪ್ರಯಾಣದ ಮಧ್ಯೆ ಅದಲು ಬದಲು ಮಾಡಿಕೊಳ್ಳಬಹುದು. ಎರಡನ್ನೂ ಒಬ್ಬರ ಕೈಗೆ ಕೊಟ್ಟು ‘ಒಂದು ನಿಮಿಷ ನೀರು ತರ್ತೀನಿ’ ಅಂತ ಹೋಗಬಾರದು. ಆ ನಿಮಿಷದಲ್ಲೇ ಬೀದಿನಾಯಿ ಬರುವುದು. ಎದೆಗೆ ಕಟ್ಟುವ ಚೀಲದಲ್ಲಿ ಕೂಸಿನ ಮುಖ ಕಾಣುತ್ತಿರಬೇಕು, ಗಲ್ಲ ಎದೆಗೆ ಒತ್ತಿರಬಾರದು, ಹಣೆ ನಿಮ್ಮ ತುಟಿಗೆ ಸಿಗುವಷ್ಟು ಮೇಲಿರಬೇಕು. ಸೆರಗನ್ನು ಮುಖದ ಮೇಲೆ ಪೂರ್ತಿ ಹೊದಿಸಬೇಡಿ, ಸೆಕೆಗೂ ಉಸಿರಿಗೂ ಒಳ್ಳೆಯದಲ್ಲ.

ಒಬ್ಬರೇ ಹೊರಟಿದ್ದರೆ ಈ ಪ್ರವಾಸ ಬೇಡ. ಮೂರನೆಯವರಾಗಿ ತಂಗಿಯೋ ಅತ್ತೆಯೋ ಬಂದರೆ ಮಾತ್ರ ಅದು ರಜೆ ಅನ್ನಿಸೀತು.

ಬಸ್ ನಿಲ್ದಾಣದ ಬೀದಿನಾಯಿಗಳು?

ಕಾರಿನಲ್ಲಿ ಹೋಗುವವರಿಗೆ ಇಲ್ಲದ, ನಿಮಗೆ ಇರುವ ನಿಜವಾದ ಅಪಾಯ ಇದೇ. ನಿಲ್ದಾಣದ ನಾಯಿಗಳಿಗೆ ಅದು ಅವುಗಳ ಸರಹದ್ದು. ನಿಮ್ಮ ನಾಯಿ ಒಳಗೆ ಕಾಲಿಟ್ಟ ಕೂಡಲೇ ಎದ್ದು ಬರುತ್ತವೆ. ಸಣ್ಣ ನಾಯಿಯನ್ನು ಗೇಟಿನಿಂದಲೇ ಚೀಲದೊಳಗೆ ಹಾಕಿಕೊಳ್ಳಿ. ಅವು ಬಂದ ಮೇಲೆ ಎತ್ತಿಕೊಂಡರೆ ನಿಮ್ಮ ಮೈಮೇಲೇ ಹಾರುತ್ತವೆ. ದೊಡ್ಡದಾದರೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ, ಪಟ್ಟಿ ಗಿಡ್ಡವಾಗಿ ಹಿಡಿಯಿರಿ, ಮಡಿಸಿದ ಛತ್ರಿಯನ್ನು ಅವುಗಳ ಕಡೆ ಬಿಚ್ಚಿ. ಫಟ್ ಎಂದು ಛತ್ರಿ ಅರಳಿದರೆ ಹೆಚ್ಚಿನವು ಹಿಂದೆ ಸರಿಯುತ್ತವೆ. ಓಡಬೇಡಿ. ಉದ್ದಕ್ಕೆ ಬಿಚ್ಚಿಕೊಳ್ಳುವ ರೀಲ್ ಪಟ್ಟಿ ಮನೆಯಲ್ಲೇ ಇರಲಿ. ಒಂದೂವರೆ ಮೀಟರಿನ ಸಾದಾ ಪಟ್ಟಿ, ಎದೆಗೆ ಹಾಕುವ ಹಾರ್ನೆಸ್ ಸಾಕು. ಬಾಯಿಗೆ ಬಟ್ಟೆಯ ಪಟ್ಟಿ ಬೇಡ, ಬುಟ್ಟಿಯಂಥದ್ದೇ ಬೇಕು. ನಾಯಿ ಬಾಯಿ ತೆರೆದು ತೇಕಿದರೆ ಮಾತ್ರ ಮೈ ತಣ್ಣಗಾಗುವುದು.

ಕಚ್ಚಿದರೆ, ಗೀರಿದರೆ, ಅದು ನಿಮ್ಮದೇ ನಾಯಿಯಾದರೂ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ರೇಬೀಸ್ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕೆಂದು ಕೇಳಿ.

ಯಾವ ಊರು? ನಾಯಿಗೆ ಎಲ್ಲೆಲ್ಲಿ ಪ್ರವೇಶ?

ಶ್ರೀರಂಗಪಟ್ಟಣ, ಗಂಜಾಂ ಸುತ್ತಲ ಹೊಳೆದಂಡೆಯ ಊರುಗಳು ನಮ್ಮ ಮೊದಲ ಆಯ್ಕೆ. ಬೆಂಗಳೂರಿನಿಂದ ಸುಮಾರು 125 ಕಿ.ಮೀ., ಊರು ಸಣ್ಣದು, ದ್ವೀಪದ ಒಂದು ತುದಿಯಿಂದ ಇನ್ನೊಂದಕ್ಕೆ ಆಟೊದಲ್ಲಿ ಹೋಗಿಬಿಡಬಹುದು, ಸಂಜೆ ಗದ್ದೆಯ ಬದಿಯಲ್ಲಿ ನಡೆಯಲು ಜಾಗ ಇದೆ.

ರಂಗನತಿಟ್ಟು, ಮೈಸೂರು ಮೃಗಾಲಯ, ಅರಮನೆ, ದರಿಯಾ ದೌಲತ್, ದೇವಸ್ಥಾನಗಳು, ಇವುಗಳ ಒಳಗೆಲ್ಲ ನಾಯಿಗೆ ಪ್ರವೇಶವಿಲ್ಲ. ಒಬ್ಬರು ಒಳಗೆ ಹೋಗಿ ಬರುವವರೆಗೆ ಇನ್ನೊಬ್ಬರು ಹೊರಗೆ ಮರದ ನೆರಳಲ್ಲಿ ಕೂರಬೇಕು. ಹೀಗೆ ದಿನಕ್ಕೆ ಒಂದೇ ಜಾಗ, ಎರಡು ಮಾಡಲು ಹೋದರೆ ಎಲ್ಲರೂ ಸಿಡುಕುತ್ತಾರೆ. ಮೃಗಾಲಯಕ್ಕೆ ಮಂಗಳವಾರ ರಜೆ ಅನ್ನುವುದು ವಾರದ ನಡುವೆ ಹೋಗುವವರಿಗೆ ಉಪಯೋಗಕ್ಕೆ ಬಂದೀತು.

ಕಾವೇರಿ ನೀರಿಗೆ ನಾಯಿಯನ್ನು ಬಿಡಬೇಡಿ. ಸಂಗಮದಲ್ಲಿ ನೀರು ಶಾಂತವಾಗಿ ಕಂಡರೂ ಕಲ್ಲುಗಳ ನಡುವೆ ಸೆಳೆತ ಇದೆ. ಅದಕ್ಕಿಂತ ಮುಖ್ಯ, ಈ ಭಾಗದ ಹೊಳೆಯಲ್ಲಿ ಮೊಸಳೆಗಳಿವೆ. ರಂಗನತಿಟ್ಟಿನ ಬಂಡೆಗಳ ಮೇಲೆ ಬಿಸಿಲು ಕಾಯುವವು ಅಲ್ಲಿಗೇ ಸೀಮಿತ ಅಂತ ಯಾರೂ ಗೆರೆ ಎಳೆದಿಲ್ಲ.

ಮಲೆನಾಡಿಗೆ ಹೋಗಬಾರದಾ?

ಮಳೆಗಾಲದಲ್ಲಿ ಇಂಬಳ, ಬೇಸಿಗೆಯಲ್ಲಿ ಉಣುಗು. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಯ ಕಾಡಂಚಿನಲ್ಲಿ ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಈ ಕಾಯಿಲೆ ಹರಡುವುದು ಉಣುಗಿನಿಂದಲೇ. ತರಗೆಲೆಯಲ್ಲಿ ಹೊರಳಾಡಿ ಬಂದ ನಾಯಿ ಕೂಸಿನ ಹಾಸಿಗೆಯ ಪಕ್ಕ ಮಲಗಿದರೆ ಉಣುಗು ದಾಟಲು ಎಷ್ಟು ಹೊತ್ತು? ಆ ತಿಂಗಳುಗಳಲ್ಲಿ ಕೂಸು–ನಾಯಿ ಎರಡನ್ನೂ ಕಟ್ಟಿಕೊಂಡು ಕಾಡಂಚಿಗೆ ಹೋಗದಿರುವುದೇ ಸರಿ. ಬೇರೆ ಕಡೆಗೆ ಹೋಗುವಾಗಲೂ ನಾಯಿಗೆ ಉಣುಗಿನ ಔಷಧಿ ಆಗಿರಬೇಕು. ಕತ್ತಿನ ಮೇಲೆ ಹನಿ ಹಾಕುವ ಔಷಧಿಯಾದರೆ ಹೊರಡುವ ಮೂರು ದಿನ ಮುಂಚೆಯೇ ಹಾಕಿ. ಒಣಗುವವರೆಗೆ ಕೂಸು ಆ ಜಾಗ ಮುಟ್ಟಿ ಬಾಯಿಗೆ ಕೈ ಹಾಕಬಾರದು.

ಹೋಂಸ್ಟೇಯವರನ್ನು ಏನೇನು ಕೇಳಬೇಕು?

‘ಪೆಟ್ಸ್ ಅಲೋಡ್’ ಅಂತ ಬರೆದಿರುವುದನ್ನು ನಂಬಿ ದುಡ್ಡು ಕಟ್ಟಬೇಡಿ, ಫೋನ್ ಮಾಡಿ. ಎಷ್ಟೋ ಕಡೆ ಅದರ ಅರ್ಥ ‘ನಾಯಿಯನ್ನು ಹೊರಗೆ ಕಟ್ಟಬಹುದು’ ಅಂತ. ನಾಯಿ ರೂಮಿನೊಳಗೆ ಮಲಗಬಹುದೇ ಎಂದು ಬಿಡಿಸಿ ಕೇಳಿ. ಅವರದೇ ನಾಯಿ ಇದೆಯೇ, ಅದನ್ನು ಕಟ್ಟುತ್ತಾರೆಯೇ? ಕಾಂಪೌಂಡು ಸುತ್ತಲೂ ಇದೆಯೇ? ತೋಟದಲ್ಲಿ ಇಲಿ ಪಾಷಾಣ ಇಟ್ಟಿದ್ದಾರೆಯೇ? ಇದನ್ನು ಕೇಳಲು ಸಂಕೋಚ ಬೇಡ, ನಾಯಿಗಳು ಸಾಯುವುದು ಇದರಿಂದಲೇ. ನೆಲಮಟ್ಟದ ರೂಮು ಇದೆಯೇ? ರಾತ್ರಿ ಒಂದಕ್ಕೆ ನಾಯಿಯನ್ನು ಹೊರಗೆ ಕರೆದೊಯ್ಯಲು ಮೆಟ್ಟಿಲು ಇಳಿಯುವುದು ಬೇಡ.

ಕೂಸಿನ ಕಡೆಯ ಪ್ರಶ್ನೆಗಳು ಬೇರೆ. ಬಿಸಿನೀರು ಸೋಲಾರೋ ಗೀಸರೋ? ಸೋಲಾರ್ ನೀರು ಮೊದಲು ಸ್ನಾನ ಮಾಡಿದವರಿಗೆ. ರಾತ್ರಿ ಎರಡಕ್ಕೆ ನೀರು ಕಾಯಿಸಲು ಕೆಟಲ್ ಇದೆಯೇ? ಕರೆಂಟು ಹೋದರೆ ಫ್ಯಾನ್ ಓಡುತ್ತದೆಯೇ? ಸೊಳ್ಳೆಪರದೆ ಕಟ್ಟಲು ಮೊಳೆ ಇದೆಯೇ? ಅಂಗಳದ ಬಾವಿಗೆ ಕಟ್ಟೆ, ಮುಚ್ಚಳ ಇವೆಯೇ?

ಚೀಲದಲ್ಲಿ ಏನಿರಬೇಕು?

ಇಬ್ಬರಿಗೆ ಎರಡು ಬೆನ್ನುಚೀಲ, ಕೈಯಲ್ಲಿ ಹಿಡಿಯುವುದು ಏನೂ ಇರಬಾರದು. ಬಸ್ಸಿನಲ್ಲಿ ಒಬ್ಬರಿಗೆ 30 ಕಿಲೊ ಲಗೇಜು ಉಚಿತವಾದರೂ ನಿಮ್ಮ ಬೆನ್ನು ಒಪ್ಪುವುದು ಏಳೆಂಟು ಕಿಲೊ. ಡೈಪರ್ ಲೆಕ್ಕ ದಿನಕ್ಕೆ ಎಂಟು, ಮೇಲೆ ನಾಲ್ಕು. ಎರಡು ದಿನಕ್ಕೆ 20. ಕೂಸಿಗೆ ಐದು ಜೊತೆ ಬಟ್ಟೆ, ಹಿಡಿದುಕೊಳ್ಳುವವರಿಗೆ ಒಂದು ಜಾಸ್ತಿ ಅಂಗಿ ಕೈಗೆ ಸಿಗುವ ಖಾನೆಯಲ್ಲಿ. ಇದನ್ನೇ ಎಲ್ಲರೂ ಮರೆಯುವುದು, ಕೂಸು ಕಕ್ಕುವುದು ನಿಮ್ಮ ಹೆಗಲ ಮೇಲೆ. ಹಳೆಯ ದಿನಪತ್ರಿಕೆ ಎರಡು, ಪ್ಲಾಸ್ಟಿಕ್ ಕವರು ಹತ್ತು, ಒದ್ದೆ ಟಿಶ್ಯೂ. ನಾಯಿಗೆ ಮಡಚುವ ಬಟ್ಟಲು, ಪ್ರತಿ ಹೊತ್ತಿನ ಊಟ ಅಳೆದು ಕಟ್ಟಿದ ಪೊಟ್ಟಣ, ಕೊರಳಿಗೆ ಫೋನ್ ನಂಬರ್ ಕೆತ್ತಿದ ಬಿಲ್ಲೆ.

ಕೂಸಿನ ಜ್ವರದ ಔಷಧಿಯ ಪ್ರಮಾಣವನ್ನು ಅದರ ತೂಕಕ್ಕೆ ತಕ್ಕಂತೆ ಡಾಕ್ಟರ ಹತ್ತಿರವೇ ಬರೆಸಿಕೊಂಡು ಬಾಟಲಿಗೆ ಅಂಟಿಸಿ. ಆ ಔಷಧಿಯನ್ನು ನಾಯಿಗೆ ಹಾಕಬೇಡಿ, ಪ್ಯಾರಾಸಿಟಮಾಲ್ ಅದಕ್ಕೆ ವಿಷ.

ದಾರಿಯಲ್ಲಿ ಕೂಸಿನ ಊಟ?

ಎದೆಹಾಲಾದರೆ ದುಪಟ್ಟಾ ಒಂದೇ ಸಾಕು. ಹಿಂಡಿಟ್ಟ ಹಾಲು ಐಸ್ ಪ್ಯಾಕ್ ಇರುವ ಚೀಲದಲ್ಲಿ 24 ಗಂಟೆ, ಹೊರಗೆ ನಾಲ್ಕು ಗಂಟೆ. ಸೆಕೆ ಹೆಚ್ಚಿದ್ದರೆ ಇನ್ನೂ ಕಡಿಮೆ. ಪುಡಿ ಹಾಲಾದರೆ ಬೆರೆಸುವ ನೀರು ಕನಿಷ್ಠ 70 ಡಿಗ್ರಿ ಇರಬೇಕು, ಬೆರೆಸಿದ್ದು ಎರಡು ಗಂಟೆಯೊಳಗೆ ಮುಗಿಯಬೇಕು. ಮನೆಯಲ್ಲೇ ಕಲಸಿ ಬಾಟಲಿಗೆ ತುಂಬಿಕೊಂಡು ಹೊರಡುವುದು ಭೇದಿಗೆ ದಾರಿ. ಪುಡಿಯನ್ನು ಒಂದೊಂದು ಹೊತ್ತಿಗೆ ಬೇರೆ ಬೇರೆ ಡಬ್ಬಿಯಲ್ಲಿ, ಕುದಿಸಿದ ನೀರನ್ನು ಫ್ಲಾಸ್ಕಿನಲ್ಲಿ ಒಯ್ಯಿರಿ. ಫ್ಲಾಸ್ಕನ್ನು ಮೊದಲು ಕುದಿನೀರು ಹಾಕಿ ಐದು ನಿಮಿಷ ಬಿಸಿ ಮಾಡಿ ಚೆಲ್ಲಿ, ಆಮೇಲೆ ತುಂಬಿಸಿದರೆ ಶಾಖ ಹೆಚ್ಚು ಹೊತ್ತು ನಿಲ್ಲುತ್ತದೆ.

ಆರು ತಿಂಗಳು ದಾಟಿದ್ದರೆ ರಾಗಿ ಸರಿಯ ಹುಡಿ, ಬಾಳೆಹಣ್ಣು. ಹೊಸ ರುಚಿಯನ್ನು ಪ್ರವಾಸದಲ್ಲಿ ಶುರು ಮಾಡಬೇಡಿ. ವರ್ಷ ತುಂಬುವವರೆಗೆ ಜೇನು ನೆಕ್ಕಿಸಬೇಡಿ, ಹೋಂಸ್ಟೇ ಅಜ್ಜಿ ಎಷ್ಟೇ ಪ್ರೀತಿಯಿಂದ ಕೊಟ್ಟರೂ.

ನಾಯಿಗೆ ಏನು ಕೊಡಬೇಕು, ಏನು ಕೊಡಬಾರದು?

ಹೊರಡುವ ನಾಲ್ಕೈದು ಗಂಟೆ ಮುಂಚೆ ಊಟ ನಿಲ್ಲಿಸಿ. ಆರಕ್ಕೆ ಬಸ್ಸಾದರೆ ಬೆಳಗ್ಗೆ ಏನೂ ಇಲ್ಲ, ಒಂದೆರಡು ಗುಟುಕು ನೀರು ಮಾತ್ರ. ಜೊಲ್ಲು ಸುರಿಸುವುದು, ಪದೇ ಪದೇ ತುಟಿ ನೆಕ್ಕುವುದು, ಆಕಳಿಸುವುದು ವಾಂತಿಗೆ ಮುನ್ಸೂಚನೆ. ಆಗ ಪತ್ರಿಕೆ ಹಾಸಿ, ಕಿಟಕಿ ತೆಗೆಯಿರಿ. ವಾಂತಿ ತಡೆಯುವ ಮಾತ್ರೆ ನಾಯಿಗೆಂದೇ ಇದೆ, ಪಶುವೈದ್ಯರಿಂದ ಬರೆಸಿ, ಮನುಷ್ಯರದ್ದು ಬೇಡ.

ಈ ದಾರಿಯ ತಿಂಡಿಗಳೇ ನಾಯಿಗೆ ಆಗದವು. ಮದ್ದೂರು ವಡೆಯ ತುಂಬ ಈರುಳ್ಳಿ. ಈರುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಕೇಸರಿಬಾತಿನ ದ್ರಾಕ್ಷಿ ಮೂತ್ರಪಿಂಡಕ್ಕೆ ಹೊಡೆತ. ಮೈಸೂರು ಪಾಕಿನ ತುಪ್ಪ ಹೊಟ್ಟೆ ಕೆಡಿಸುತ್ತದೆ. ಪಕ್ಕದ ಸೀಟಿನವರು ಪ್ರೀತಿಯಿಂದ ಎಸೆಯುವ ಮುನ್ನ ‘ಅದಕ್ಕೆ ಹೊಟ್ಟೆ ಸರಿಯಿಲ್ಲ’ ಅಂದುಬಿಡಿ.

ಹೊಸ ರೂಮಿನಲ್ಲಿ ಮೊದಲ ರಾತ್ರಿ?

ಮೊದಲು ನಾಯಿಯನ್ನು ಅಂಗಳದಲ್ಲಿ ಕಾಲು ಗಂಟೆ ಮೂಸಲು ಬಿಡಿ, ಆಮೇಲೆ ಒಳಗೆ. ಕೂಸಿನ ಹಾಸಿಗೆ ಮಂಚದ ಮೇಲೆ ಗೋಡೆಯ ಬದಿಗಲ್ಲ. ಗೋಡೆ–ಮಂಚದ ಸಂದಿಗೆ ಕೂಸು ಜಾರಿ ಸಿಕ್ಕಿಕೊಳ್ಳುತ್ತದೆ. ನೆಲದ ಮೇಲೆ ಗಟ್ಟಿ ಚಾಪೆ, ತೆಳು ಹಾಸು, ಮೇಲೆ ಮಡಚುವ ಸೊಳ್ಳೆಪರದೆ, ದಿಂಬಿಲ್ಲದೆ ಅಂಗಾತ. ನಾಯಿಯ ಬೆಡ್‌ಶೀಟ್ ಬಾಗಿಲ ಬಳಿ, ಪಟ್ಟಿಯನ್ನು ಮಂಚದ ಕಾಲಿಗೆ ಕಟ್ಟಿ, ಪರದೆಗೆ ಮುಟ್ಟದಷ್ಟು ದೂರ. ಮನೆಯಲ್ಲಿ ಕೂಸಿನ ಪಕ್ಕ ಕುರಿಮರಿಯಂತಿರುವ ನಾಯಿಯೂ ಹೊಸ ಜಾಗದಲ್ಲಿ ರಾತ್ರಿ ಬೆಚ್ಚಿ ಎದ್ದಾಗ ಅದೇ ನಾಯಿಯಲ್ಲ. ಎರಡನ್ನೂ ಒಂದೇ ರೂಮಿನಲ್ಲಿ ಬಿಟ್ಟು ನೀವು ಸ್ನಾನಕ್ಕೆ ಹೋಗಬೇಡಿ.

ಯಾವ ತಿಂಗಳು ಒಳ್ಳೆಯದು?

ನವೆಂಬರಿನಿಂದ ಫೆಬ್ರುವರಿ. ದೀಪಾವಳಿಯ ಪಟಾಕಿಯ ದಿನಗಳನ್ನು ಬಿಟ್ಟು. ಬೇಸಿಗೆಯಲ್ಲಿ ಟಾರಿನ ಮೇಲೆ ನಿಮ್ಮ ಅಂಗೈಯ ಹಿಂಬದಿ ಇಟ್ಟು ಏಳು ಎಣಿಸಿ. ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು.

ವಿದೇಶದಲ್ಲಿರುವ ಕನ್ನಡಿಗರಿಗೆ ಈ ಲೆಕ್ಕವೇ?

ಹಲವು ಕಡೆ ಸಲೀಸು. ಬ್ರಿಟನ್ನಿನ ರೈಲಿನಲ್ಲಿ ಒಬ್ಬರು ಎರಡು ನಾಯಿಯವರೆಗೆ ಉಚಿತವಾಗಿ ಒಯ್ಯಬಹುದು. ಜರ್ಮನಿಯಲ್ಲಿ ಚೀಲದಲ್ಲಿ ಹಿಡಿಸುವ ಸಣ್ಣ ನಾಯಿ ಉಚಿತ, ದೊಡ್ಡದಕ್ಕೆ ಟಿಕೆಟ್, ಬಾಯಿಬುಟ್ಟಿ ಬೇಕು. ಅಮೆರಿಕದ ಆಮ್‌ಟ್ರ್ಯಾಕ್‌ನಲ್ಲಿ ಚೀಲ ಸೇರಿ 20 ಪೌಂಡ್ ಮಿತಿ, ಪ್ರಯಾಣ ಏಳು ಗಂಟೆ ಮೀರುವಂತಿಲ್ಲ. ಲ್ಯಾಬ್ರಡಾರ್ ಸಾಕಿದವರ ಪಾಡು ಅಮೆರಿಕದಲ್ಲೂ ಇದೇ.

ಯಾವಾಗ ರದ್ದು ಮಾಡಬೇಕು?

ಕೂಸಿಗೆ 6, 10, 14 ವಾರದ ಚುಚ್ಚುಮದ್ದು ಆದ ಎರಡು ದಿನದೊಳಗೆ ಹೊರಡಬೇಡಿ, ಜ್ವರ ಬರುವುದು ಆಗಲೇ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಜ್ವರ ಬಂದರೆ ಪ್ರವಾಸದ ಮಾತಿರಲಿ, ನೇರ ಆಸ್ಪತ್ರೆಗೆ. ನಾಯಿಯ ಮೈ ಬಿಸಿ ಮುಟ್ಟಿ ಹೆದರಬೇಡಿ, ಅದರ ಸಹಜ ಶಾಖವೇ 38.3ರಿಂದ 39.2. ಆದರೆ ಹಿಂದಿನ ದಿನ ಊಟ ಬಿಟ್ಟಿದ್ದರೆ, ಭೇದಿಯಾಗಿದ್ದರೆ ಹೊರಡುವಂತಿಲ್ಲ. ಹೆಣ್ಣುನಾಯಿ ಬೆದೆಯಲ್ಲಿದ್ದರಂತೂ ಬಸ್ ನಿಲ್ದಾಣದ ಹತ್ತಿರವೂ ಸುಳಿಯಬೇಡಿ. ಹೊರಟ ಮೇಲೆ ಕೆಟ್ಟರೆ ಕೂಸಿಗೆ 108, ರೈಲಿನೊಳಗೆ 139, ನಾಯಿಗೆ ಪಶು ಸಂಚಾರಿ ಚಿಕಿತ್ಸೆಯ 1962. ಈ ಮೂರರ ಜೊತೆ ಉಳಿಯುವ ಊರಿನ ಮಕ್ಕಳ ಡಾಕ್ಟರ, ಪಶು ಆಸ್ಪತ್ರೆಯ ನಂಬರನ್ನು ಗುರುವಾರವೇ ಇಬ್ಬರ ಫೋನಿಗೂ ಹಾಕಿಕೊಳ್ಳಿ. ಭಾನುವಾರ ಯಾವುದು ತೆರೆದಿರುತ್ತದೆ ಅಂತ ಹೋಂಸ್ಟೇಯವರನ್ನು ಆಗಲೇ ಕೇಳಿ.